ಜಗಲಿಯ ಮೇಳ: ಒಬ್ಬನ ಹಾಡು ವೃಂದವಾದ ಚರಿತ್ರೆ

ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಹಾಡುವವರನ್ನು ಮೂರು ತೆರನಾಗಿ ವಿಂಗಡಿಸಿರುವನು. ಒಬ್ಬನೇ ಹಾಡತಕ್ಕವನು ಏಕಲನು. ಮತ್ತೊಬ್ಬನ ಜತೆಗೂಡಿ ಹಾಡತಕ್ಕವನು ಯಮಲನು. ಸಮೂಹದೊಡನೆ ಹಾಡತಕ್ಕವನು ವೃಂದಗಾಯನನು. ಉತ್ತಮವೆನಿಸುವ ವೃಂದದಲ್ಲಿ ಮುಖ್ಯ ಗಾಯಕರು ನಾಲ್ವರು, ಅವರನ್ನು ಅನುಸರಿಸಿ ಹಾಡುವವರು ಎಂಟು ಮಂದಿ, ಗಾಯಿಕೆಯರು ಹನ್ನೆರಡು ಮಂದಿ, ಕೊಳಲಿನವರು ನಾಲ್ವರು, ಮದ್ದಲೆಯವರು ನಾಲ್ವರು, ಒಟ್ಟು 32 ಮಂದಿ ಇರತಕ್ಕದ್ದೆಂದು ಲೆಕ್ಕವನ್ನೂ ಕೊಟ್ಟಿರುವನು. ಗ್ರಂಥಕಾರನು ಆಸ್ಥಾನದಲ್ಲಿ ಕರಣಿಕವೃತ್ತಿಯನ್ನು ನಡೆಸಿದವನು. ಆದರೂ ಈ 32 ಮಂದಿಯ ಊಟದ ವೆಚ್ಚವೆಷ್ಟೆಂಬುದನ್ನು ಮಾತ್ರ ಅವನು ಬರೆಯಲಿಲ್ಲ. ಬರೆಯುವ ಅಗತ್ಯವೂ ಅವನಿಗೆ ಇರಲಿಲ್ಲ. ಏಕೆಂದರೆ ಅದು ದೊರೆಯ ಬೊಕ್ಕಸದಿಂದ ಬರುವಂಥದ್ದಾಗಿತ್ತು.

ಶಾಸ್ತ್ರಕಾರನು ಬಿಟ್ಟ ಆ ಲೆಕ್ಕವೇ ಚರಿತ್ರಕಾರನಿಗೆ ಮುಖ್ಯವಾದುದು. ಏಕಲನಿಗೆ ಬೇಕಾದುದು ಒಂದು ವಾದ್ಯ, ಒಂದು ಜೋಳಿಗೆ. ಅವನು ತನಗೆ ಸರಿತೋರಿದುದನ್ನು ಹಾಡಿ, ಬೇಡವೆಂದು ತೋರಿದ ಊರನ್ನು ಬಿಟ್ಟು ನಡೆಯಬಲ್ಲನು. ಅವನ ಬಳಿಗೆ ಎರಡನೆಯವನು, ಮೂರನೆಯವನು ಬಂದು ಸೇರಿದಂತೆ ಹಾಡಿಗೆ ಪುಷ್ಟಿಯುಂಟಾಗುವುದು ದಿಟ. ಆದರೆ ಒಡನೆಯೇ ವಸತಿ, ಪ್ರಯಾಣ, ಸಂಬಳಗಳ ಚಿಂತೆಯೂ ಹುಟ್ಟುವುದು. ವೆಚ್ಚವು ಹುಟ್ಟಿದಲ್ಲಿಗೆ ಅದನ್ನು ವಹಿಸುವ ಧಣಿಯು ಬರುವನು. ಧಣಿಯು ಬಂದ ಮೇಲೆ ಹಾಡಿನ ಮೇಲೆ ಅವನ ಮಾತೂ ನಡೆಯತೊಡಗುವುದು. ಹಾಗಾದರೆ ಅರಸನಿಲ್ಲದೆ, ಸಾಹುಕಾರನಿಲ್ಲದೆ, ಒಬ್ಬನ ಹಾಡು ವೃಂದವಾಗಿ ಬೆಳೆಯುವುದು ಸಾಧ್ಯವೇ? ಈ ಪ್ರಶ್ನೆಗೆ ಮೂರು ನಾಡುಗಳ ಚರಿತ್ರೆಯಲ್ಲಿ ದೊರೆಯುವ ಉತ್ತರವನ್ನು ಇಲ್ಲಿ ಸಂಗ್ರಹಿಸಿದೆ.

ಮೊದಲನೆಯ ಉತ್ತರವು ಕುಂದಾಪುರದ ಸೀಮೆಯಲ್ಲಿಯೇ ಇದೆ. ನಾವುಂದ, ಮರವಂತೆ, ಕಿರಿಮಂಜೇಶ್ವರಗಳಿಂದ ಕೋಟ, ಬ್ರಹ್ಮಾವರಗಳವರೆಗಿನ ಈ ಕರಾವಳಿಯ ಹಿರಿಯರಿಗೆ ‘ಹೂವಿನಕೋಲು’ ಎಂಬ ಹೆಸರು ಅಪರಿಚಿತವಲ್ಲ. ನವರಾತ್ರಿಯ ದಿನಗಳಲ್ಲಿ ಒಬ್ಬ ಭಾಗವತರು, ಒಬ್ಬ ಮದ್ದಲೆಯವರು, ಇಬ್ಬರು ಮೂವರು ಬಾಲಕರು, ಇಷ್ಟೇ ಮಂದಿಯ ಕೂಟವು ಹೂವಿನಿಂದ ಸಿಂಗರಿಸಿದ ಕೋಲನ್ನು ಹಿಡಿದು ಮನೆಮನೆಗೆ ಬರುತ್ತಿತ್ತು. ರಂಗಸ್ಥಳವಿಲ್ಲ, ಮುಖಕ್ಕೆ ಬಣ್ಣವಿಲ್ಲ, ಕಿರೀಟ ಭುಜಕೀರ್ತಿಗಳಿಲ್ಲ. ಚಾವಡಿಯಲ್ಲಿಯೋ ಜಗಲಿಯಲ್ಲಿಯೋ ಕುಳಿತು ಮನೆಯವರಿಗೆ ಶ್ರೇಯಸ್ಸನ್ನು ಹಾರೈಸಿ, ಯಾವುದಾದರೊಂದು ಪ್ರಸಂಗದ ನಾಲ್ಕು ಪದ್ಯಗಳನ್ನು ಹಾಡಿ, ಬಾಲಕರಿಂದ ಅದಕ್ಕೆ ತಕ್ಕ ಅರ್ಥವನ್ನು ಹೇಳಿಸಿ, ಮನೆಯವರು ಕೊಟ್ಟ ಅಕ್ಕಿ, ತೆಂಗಿನಕಾಯಿ, ಪುಡಿಗಾಸುಗಳನ್ನು ಸ್ವೀಕರಿಸಿ ಮುಂದಿನ ಮನೆಗೆ ನಡೆಯುತ್ತಿದ್ದರು. ಶಾರ್ಙ್ಗದೇವನ ಮಾತಿನಲ್ಲಿ ಹೇಳುವುದಾದರೆ ಇದು ಯಮಲಕ್ಕಿಂತ ತುಸು ದೊಡ್ಡದು, ವೃಂದಕ್ಕಿಂತ ಬಹಳ ಚಿಕ್ಕದು. ಯಕ್ಷಗಾನದ ದೊಡ್ಡ ಮೇಳಕ್ಕೆ ಹೋಗತಕ್ಕ ಹುಡುಗರಿಗೆ ಇದೇ ಪ್ರಥಮ ಪಾಠಶಾಲೆಯಾಗಿತ್ತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಹೂವಿನಕೋಲಿನ ಕೂಟಕ್ಕೆ ಧಣಿಗಳಿರಲಿಲ್ಲವೆಂದು ಹೇಳಲಾಗದು. ಪ್ರತಿಯೊಂದು ಮನೆಯೂ ಅದಕ್ಕೆ ಧಣಿಯೇ. ಆದರೆ ಯಾವೊಂದು ಮನೆಯೂ ಪೂರ್ತಿ ಧಣಿಯಲ್ಲ. ಒಂದು ಮನೆಯವರು ಬಾಗಿಲು ಹಾಕಿಕೊಂಡರೂ ಮುಂದಿನ ಮನೆಯ ಬಾಗಿಲು ತೆರೆದಿರುವುದು. ಆದುದರಿಂದ ಯಾರೂ ಭಾಗವತರಿಗೆ ಇಂಥದನ್ನೇ ಹಾಡಬೇಕೆಂದು ಆಜ್ಞಾಪಿಸುವಂತಿರಲಿಲ್ಲ. ದೊಡ್ಡ ಮೇಳದ ವ್ಯವಸ್ಥೆಯು ಬೇರೆ. ಮಂದಾರ್ತಿ, ಮಾರಣಕಟ್ಟೆ ಮೊದಲಾದ ಕ್ಷೇತ್ರಗಳ ಮೇಳಗಳು ದೇವಸ್ಥಾನದ ಹೆಸರಿನಲ್ಲಿ ಹೊರಟು, ಹರಕೆ ಹೊತ್ತವರ ವೆಚ್ಚದಲ್ಲಿ ರಾತ್ರಿಯ ಆಟವನ್ನು ಆಡುವುವು. ಸಾಲಿಗ್ರಾಮ, ಪೆರ್ಡೂರು ಮುಂತಾದ ಮೇಳಗಳು ಡೇರೆ ಹಾಕಿ ಟಿಕೇಟು ಮಾರಿದ ಕಾಲವನ್ನೂ ಈ ಜಿಲ್ಲೆಯು ಕಂಡಿದೆ. ಹರಕೆಯ ಮೇಳಕ್ಕೆ ಭಕ್ತನ ಇಷ್ಟವೂ ಡೇರೆಯ ಮೇಳಕ್ಕೆ ಟಿಕೇಟಿನ ಪೆಟ್ಟಿಗೆಯೂ ಪ್ರಸಂಗವನ್ನು ಆರಿಸುವುದುಂಟು. ಇದರಲ್ಲಿ ದೋಷವೇನೂ ಇಲ್ಲ. ಆದರೆ ಜಗಲಿಯ ಸ್ವಾತಂತ್ರ್ಯವು ಅಲ್ಲಿರದು.

ಇನ್ನು ಹೊರನಾಡಿನ ಕಥೆ. ಅಮೆರಿಕದ ಓಕ್ಲಹೋಮಾ ಪ್ರಾಂತದಲ್ಲಿ 1912ರಲ್ಲಿ ಹುಟ್ಟಿದ ವುಡಿ ಗಥ್ರಿ ಎಂಬಾತನು, ಬರ ಮತ್ತು ಧೂಳಿನ ಬಿರುಗಾಳಿಗಳಿಂದ ಮನೆಮಾರುಗಳನ್ನು ಕಳೆದುಕೊಂಡು ಕ್ಯಾಲಿಫೋರ್ನಿಯಾದತ್ತ ಗುಳೆ ಹೋದ ಬಡವರ ಜೊತೆಯಲ್ಲಿ, 1930ರ ದಶಕದಲ್ಲಿ ಗಿಟಾರೊಂದನ್ನು ಹೆಗಲಿಗೇರಿಸಿ ಅಲೆದವನು. ಹಳೆಯ ಜನಪದ ಧಾಟಿಗೆ ಕಣ್ಣೆದುರಿನ ಕಷ್ಟವನ್ನು ಹೊಂದಿಸಿ ಹಾಡಿದುದೇ ಅವನ ಕವಿಕರ್ಮ. ಅಪ್ಪಟ ಏಕಲನಾದ ಈತನೂ 1941ರಲ್ಲಿ ಪೀಟ್ ಸೀಗರ್ ಮೊದಲಾದವರಿದ್ದ ‘ಆಲ್ಮನಾಕ್ ಸಿಂಗರ್ಸ್’ ಎಂಬ ವೃಂದವನ್ನು ಸೇರಿದನು. ನ್ಯೂಯಾರ್ಕಿನಲ್ಲಿ ಇವರೆಲ್ಲರೂ ಒಂದೇ ಮನೆಯಲ್ಲಿ ವಾಸವಾಗಿದ್ದು, ಬಾಡಿಗೆ ಹಣ ಸಾಲದೆ ಹೋದಾಗ ಅದೇ ಮನೆಯಲ್ಲಿ ಹಾಡಿನ ಕೂಟವನ್ನು ಏರ್ಪಡಿಸಿ, ಬಂದವರಿಂದ ಅಲ್ಪಸ್ವಲ್ಪ ಹಣವನ್ನು ಪಡೆದು ಬಾಡಿಗೆಯನ್ನು ಸಲ್ಲಿಸುತ್ತಿದ್ದರು. ಏಳು ಸಮುದ್ರಗಳಾಚೆಯೂ ವೃಂದದ ಖರ್ಚು ಹುಟ್ಟಿದ್ದು ಜಗಲಿಯಲ್ಲಿಯೇ!

ಗಥ್ರಿಯು 1967ರಲ್ಲಿ ತೀರಿಕೊಂಡನು. ಅನಂತರ ಹತ್ತು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ‘ಪಂಕ್’ ಎಂಬ ಸಂಗೀತವು ತಲೆಯೆತ್ತಿತು. ಇಂಗ್ಲಿಷಿನಲ್ಲಿ ಈ ಶಬ್ದವು ಕೆಲಸಕ್ಕೆ ಬಾರದ ಪುಂಡನನ್ನು ಕುರಿತ ಬೈಗುಳು. ಸಂಸ್ಕೃತದಲ್ಲಿ ಪಂಕವೆಂದರೆ ಕೆಸರೆಂಬುದನ್ನು ಎಲ್ಲರೂ ಬಲ್ಲರು. ಎರಡಕ್ಕೂ ಧಾತುಸಂಬಂಧವೇನೂ ಇಲ್ಲ; ಆದರೂ ಕೆಸರಿನಲ್ಲಿ ಹುಟ್ಟಿದುದಕ್ಕೆ ಪಂಕಜವೆಂಬ ಹೆಸರಿದೆಯೆಂಬುದನ್ನು ನೆನೆದರೆ ಈ ಅಕಸ್ಮಾತ್ ಸಾಮ್ಯವು ಅಷ್ಟು ಅಸಂಗತವಾಗಿ ತೋರದು. ಕೆಲಸವಿಲ್ಲದ ಹುಡುಗರು, ಪಾಠವಾಗಲಿ ಗುರುವಾಗಲಿ ಇಲ್ಲದೆ, ಅರೆಬರೆ ಕಲಿತ ಗಿಟಾರು ಡೋಲುಗಳೊಡನೆ ಕರ್ಕಶವಾಗಿ, ವೇಗವಾಗಿ, ಕೋಪದಿಂದ ಹಾಡಿದ ಹಾಡು ಅದು. ಕಿವಿಗೆ ಇಂಪಲ್ಲವೆಂಬುದು ನಿಜ. ಆದರೆ ಚರಿತ್ರೆಯಲ್ಲಿ ಅದರ ಬೆಲೆಯಿರುವುದು ಸ್ವರದಲ್ಲಿ ಅಲ್ಲ. ‘ನಮ್ಮ ಕೆಲಸವನ್ನು ನಾವೇ ಮಾಡಿಕೊಳ್ಳೋಣ’ ಎಂಬ ಅದರ ಕಟ್ಟಳೆಯಲ್ಲಿ.

ಈ ಕಟ್ಟಳೆಗೆ ಒಂದು ದೃಷ್ಟಾಂತವು ಸಾಕು. ಮ್ಯಾಂಚೆಸ್ಟರಿನ ‘ಬಜ಼್‌ಕಾಕ್ಸ್’ ಎಂಬ ತಂಡದ ಹುಡುಗರು ಮನೆಯವರಿಂದಲೂ ಮಿತ್ರರಿಂದಲೂ 500 ಪೌಂಡು ಸಾಲವನ್ನೆತ್ತಿ, ನಾಲ್ಕು ಹಾಡುಗಳ ಒಂದು ಧ್ವನಿಮುದ್ರಿಕೆಯನ್ನು ತಾವೇ ಮಾಡಿಸಿ, 1977ರ ಜನವರಿಯಲ್ಲಿ ತಾವೇ ಇಟ್ಟ ಹೆಸರಿನ ಸಂಸ್ಥೆಯಿಂದ ಪ್ರಕಟಿಸಿದರು. ಮೊದಲು ಅಚ್ಚಾದುದು 1000 ಪ್ರತಿ. ಅವೆಲ್ಲವೂ ಬೇಗನೆ ಮಾರಿಹೋದುವು. ಅದುವರೆಗೆ ಧ್ವನಿಮುದ್ರಿಕೆಯೆಂದರೆ ಲಂಡನ್ನಿನ ದೊಡ್ಡ ಕಂಪೆನಿಯ ಕೃಪೆಯೆಂದು ನಂಬಿದ್ದ ಊರೂರಿನ ಹುಡುಗರಿಗೆ, ಅದು ಬರಿಯ ಲೆಕ್ಕದ ಮಾತೆಂದು ಆಗ ತಿಳಿಯಿತು. ಶಾರ್ಙ್ಗದೇವನು ಬರೆಯದೆ ಬಿಟ್ಟ ವೆಚ್ಚದ ಪಟ್ಟಿಯನ್ನು ಈ ಹುಡುಗರು ಬರೆದರೆಂದು ಹೇಳಬಹುದು. ಮುಂದೆ 1982ರಲ್ಲಿ ಲಂಡನ್ನಿನಲ್ಲಿ ಕೂಡಿದ ‘ದಿ ಪೋಗ್ಸ್’ ಎಂಬ ವೃಂದವು ಐರ್ಲೆಂಡಿನ ಹಳೆಯ ಪದಗಳನ್ನು ಪಂಕ್ ರಭಸದೊಡನೆ ಬೆರಸಿತು. ಜನಪದವೂ ಪಂಕೂ ಕೂಡಿದ ಈ ಮಾರ್ಗಕ್ಕೆ ‘ಫೋಕ್ ಪಂಕ್’ ಎಂಬ ಹೆಸರು ನಿಂತಿತು.

ಈ ಮಾರ್ಗದಲ್ಲಿ ಏಕಲನು ವೃಂದವಾದ ಚರಿತ್ರೆಯು ಅತ್ಯಂತ ಸ್ಫುಟವಾಗಿ ಕಾಣುವುದು ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ. 1997ರಲ್ಲಿ ಹದಿನೇಳು ವರ್ಷದೊಳಗಿನ ಒಬ್ಬ ತರುಣ ಜೀವಿಯು, ಇಂದು ಲಾರಾ ಜೇನ್ ಗ್ರೇಸ್ ಎಂಬ ಹೆಸರಿನಿಂದ ಪ್ರಸಿದ್ಧರಾದವರು, ವಿದ್ಯುತ್ತಿನ ಸಂಪರ್ಕವಿಲ್ಲದ ಒಂದು ಗಿಟಾರಿನೊಡನೆ ಒಂಟಿಯಾಗಿ ಹಾಡತೊಡಗಿದರು. ಒಬ್ಬರೇ ಇದ್ದರೂ ಅದಕ್ಕೆ ‘ಅಗೇನ್ಸ್ಟ್ ಮಿ’ ಎಂದು ಮೇಳದ ಹೆಸರನ್ನಿಟ್ಟಿದ್ದರು. ಎರಡನೆಯವನಾಗಿ ಬಂದ ತಾಳವಾದ್ಯದ ಗೆಳೆಯನಿಗೆ ಡ್ರಮ್ಮುಗಳನ್ನು ಕೊಳ್ಳುವ ಶಕ್ತಿಯಿರಲಿಲ್ಲ; ಉಪ್ಪಿನಕಾಯಿ ತುಂಬಿ ಬರುವ ಪ್ಲಾಸ್ಟಿಕ್ಕಿನ ಬಕೇಟುಗಳನ್ನು ಬೋರಲು ಹಾಕಿ ಬಾರಿಸಿದನು. ಹಾಡುಗಳನ್ನು ಕ್ಯಾಸೆಟ್ಟುಗಳಲ್ಲಿ ತುಂಬಿ ಹಂಚಿದರು. ಈ ಮಾರ್ಗದ ತಂಡಗಳು ಊರೂರು ಸುತ್ತುವಾಗ ಯಾರಾದರೊಬ್ಬ ಕೇಳುಗನ ಮನೆಯ ನಡುಮನೆಯಲ್ಲಿಯೇ ಹಾಡಿ, ನೆರೆದವರ ನಡುವೆ ಟೊಪ್ಪಿಯನ್ನು ಹಾಯಿಸಿ, ಬಂದ ಹಣದಲ್ಲಿ ಮುಂದಿನ ಊರಿನ ಎಣ್ಣೆಯ ವೆಚ್ಚವನ್ನು ತೀರಿಸಿ, ಆ ಮನೆಯ ನೆಲದ ಮೇಲೆಯೇ ಮಲಗುವುದು ರೂಢಿ. ಹೂವಿನಕೋಲನ್ನು ಬಲ್ಲ ವಾಚಕರಿಗೆ ಇದರಲ್ಲಿ ಹೊಸತೇನೂ ತೋರದು. ಅಕ್ಕಿಯ ಬದಲಿಗೆ ಡಾಲರು, ಜಗಲಿಯ ಬದಲಿಗೆ ನೆಲಮಾಳಿಗೆ, ಅಷ್ಟೇ ಭೇದ.

ಕ್ರಮೇಣ ನಾಲ್ವರು ಕೂಡಿದರು. ವಿದ್ಯುತ್ ಗಿಟಾರುಗಳೂ ನಿಜವಾದ ಡ್ರಮ್ಮುಗಳೂ ಬಂದುವು. 2002ರಲ್ಲಿ ಊರಿನ ಸಣ್ಣ ಸಂಸ್ಥೆಯೊಂದರಿಂದ ಅವರ ಮೊದಲ ಪೂರ್ಣ ಧ್ವನಿಮುದ್ರಿಕೆಯು ಹೊರಟಿತು. ವೆಚ್ಚವು ಬೆಳೆಯಿತು, ಕೊನೆಗೆ ದೊಡ್ಡ ಕಂಪೆನಿಯೊಂದರ ಒಪ್ಪಂದಕ್ಕೆ ರುಜು ಹಾಕಿ 2007ರಲ್ಲಿ ಅದರ ಮೂಲಕವೇ ಹಾಡುಗಳನ್ನು ಪ್ರಕಟಿಸಿದರು. ಆಗ, ನೆಲದ ಮೇಲೆ ಹಾಸಿಗೆ ಹಾಸಿಕೊಟ್ಟಿದ್ದ ಹಳೆಯ ಕೇಳುಗರೇ ಅವರನ್ನು ಮಾರಿಕೊಂಡವರೆಂದು ಜರೆದರು. ಜರೆದವರ ಕೋಪವು ಅತಿಯಾದುದೇ. ನಾಲ್ವರು ಉಣ್ಣುವುದು ಬೇಡವೇ? ಆದರೆ ಅದರ ಬುಡದಲ್ಲಿದ್ದ ದುಃಖವು ಸುಳ್ಳಲ್ಲ. ಸಾವಿರ ಮಂದಿ ಚಿಕ್ಕ ಧಣಿಗಳು ತಮ್ಮ ಸ್ಥಾನದಲ್ಲಿ ಒಬ್ಬ ದೊಡ್ಡ ಧಣಿಯು ಕುಳಿತುದನ್ನು ಕಂಡ ದುಃಖವದು. ಮುಂದೆ ಆ ಕಂಪೆನಿಯ ಸಂಬಂಧವು ಕಡಿದುಹೋಯಿತು. ಗ್ರೇಸ್ ಅವರು 2012ರಲ್ಲಿ ತಾವು ಸ್ತ್ರೀಯೆಂಬುದನ್ನು ಲೋಕಕ್ಕೆ ತಿಳಿಸಿದರು. ಆ ಬದುಕಿನ ಸಂಕಟವನ್ನೇ ವಸ್ತುವಾಗುಳ್ಳ ಹಾಡುಗಳು 2014ರಲ್ಲಿ ಹೊರಬಂದುದು ಮೇಳದವರ ಸ್ವಂತ ಸಂಸ್ಥೆಯಿಂದ. ಅತ್ಯಂತ ಸ್ವಂತವಾದ ಮಾತನ್ನು ಆಡಬೇಕಾಗಿ ಬಂದಾಗ ಆ ವೃಂದವು ಸ್ವಂತ ಜಗಲಿಗೇ ಹಿಂತಿರುಗಿತೆಂಬುದು ಮನನೀಯವಾದ ಸಂಗತಿ.

ಕನ್ನಡ ನಾಡಿನಲ್ಲಿ ಇದಕ್ಕೆ ಹತ್ತಿರವಾದ ಚರಿತ್ರೆಯು ಮೈಸೂರಿನಲ್ಲಿ ಮೊದಲಾಗುವುದು. ಆದರೆ ಅದರ ಬೇರು ಇನ್ನೂ ಹಿಂದಿನದು. ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ದೇಹವನ್ನು ಬಿಟ್ಟ ಶರೀಫ ಸಾಹೇಬರು, ಕೆಲಕಾಲ ಉಪಾಧ್ಯಾಯರಾಗಿದ್ದು, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ಮಳೆಗೆ ಸೋರುವ ಮಾಳಿಗೆಯನ್ನೂ ಗುಡುಗುಡಿಯ ಹೊಗೆಯನ್ನೂ ತತ್ತ್ವಕ್ಕೆ ಉಪಮೆಯಾಗಿಸಿ ಹಾಡಿದವರು. ಅವರ ಪದಗಳು ಏಕತಾರಿ, ದಮ್ಮಡಿಗಳೊಡನೆ ಭಜನೆಯವರ ಬಾಯಿಂದ ಬಾಯಿಗೆ ಉಳಿದು ಬಂದುವು. ಅವಕ್ಕೆ ನಗರಗಳಲ್ಲಿ ದೊಡ್ಡ ವೃಂದದ ಮೈಯನ್ನು ಕೊಟ್ಟವರಲ್ಲಿ ಸಿ. ಅಶ್ವಥ್ ಅವರು ಪ್ರಮುಖರು. 1990ರ ‘ಸಂತ ಶಿಶುನಾಳ ಶರೀಫ’ ಚಲಚ್ಚಿತ್ರದ ಮೂಲಕ ಅವರ ಕಂಠದಿಂದ ಆ ಪದಗಳು ಮನೆಮನೆಯನ್ನು ಹೊಕ್ಕುವು.

ಇದೇ ಪದಗಳನ್ನು ಗಿಟಾರಿಗೆ ಹೊಂದಿಸಿ ಹೊಸ ತಲೆಮಾರಿಗೆ ಮುಟ್ಟಿಸಿದವರು ರಘು ದೀಕ್ಷಿತ್. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಇವರು ಕಲಿತುದು ಭರತನಾಟ್ಯ, ಓದಿದುದು ಸೂಕ್ಷ್ಮಜೀವಿಶಾಸ್ತ್ರ. ಗಿಟಾರನ್ನು ಹಿಡಿದುದು ಸಹಪಾಠಿಯೊಬ್ಬನು ಹಾಕಿದ ಪಂಥದಿಂದ. ಅದಕ್ಕೆ ಗುರುಮುಖದ ಪಾಠವಿರಲಿಲ್ಲ. ಬೆಲ್ಜಿಯಂ ದೇಶದಲ್ಲಿ ಕೆಲಕಾಲ ಉದ್ಯೋಗದಲ್ಲಿದ್ದು, ಹಾಡುವುದೇ ತನ್ನ ಕೆಲಸವೆಂದು ನಿಶ್ಚಯಿಸಿ ಬೆಂಗಳೂರಿಗೆ ಮರಳಿದರು. ಪಿಟೀಲು ವಿದ್ವಾಂಸ ಎಚ್. ಎನ್. ಭಾಸ್ಕರ್ ಮೊದಲಾದವರೊಡನೆ ಕಟ್ಟಿದ ‘ಅಂತರಾಗ್ನಿ’ ಎಂಬ ವೃಂದವು ಕೆಲವು ವರ್ಷ ನಡೆದು 2005ರ ಹೊತ್ತಿಗೆ ಚದರಿತು. ಏಕಲನು ವೃಂದವಾದುದು ಮಾತ್ರವಲ್ಲ, ವೃಂದವು ಮತ್ತೆ ಏಕಲನಾದುದನ್ನೂ ಈ ಕಥೆಯಲ್ಲಿ ಕಾಣಬಹುದು. ಕೈಯಲ್ಲಿ ಉಳಿದುದು ಒಂದು ಗಿಟಾರು, ಒಂದು ಕಂಠ, ಕೆಲವು ಹಾಡುಗಳು. ಧ್ವನಿಮುದ್ರಿಕೆಯ ಕಂಪೆನಿಗಳು ಇವನ್ನು ವರ್ಷಗಟ್ಟಲೆ ನಿರಾಕರಿಸುತ್ತಲೇ ಬಂದಿದ್ದುವು.

ಆಗ ಅವರು ಕಂಡುಕೊಂಡ ಉಪಾಯವು ವಿಚಾರಾರ್ಹವಾಗಿದೆ. ಮತ್ತೊಂದು ಖಾಯಂ ತಂಡವನ್ನು ಕಟ್ಟದೆ, ಬಂದವರು ಬಂದಷ್ಟು ಕಾಲ ಕೂಡಿ ನುಡಿಸತಕ್ಕ ತೆರೆದ ಮನೆಯೊಂದನ್ನು ಕಟ್ಟಿ, ಅದಕ್ಕೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಹೆಸರಿಟ್ಟರು. ಮುಂಬಯಿಯಲ್ಲಿ ಇವರ ಹಾಡನ್ನು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್, ತಾವು ಆಗತಾನೆ ತೆರೆದ ಸಂಸ್ಥೆಯಿಂದ 2008ರಲ್ಲಿ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದರು. ಗುಡುಗುಡಿಯ ಪದವೂ ಸೋರುವ ಮಾಳಿಗೆಯ ಪದವೂ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಕುಳಿತಿದ್ದುವು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಬಣ್ಣಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಈ ಮೇಳವು ಹಾಡಿತು. ಅದೇ 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯು ಇವರಿಗೆ ಹೊಸಬರ ಪ್ರಶಸ್ತಿಯನ್ನು ಕೊಟ್ಟಿತು. 2013ರಲ್ಲಿ ಹೊರಬಂದ ‘ಜಗ್ ಚಂಗಾ’ ಎಂಬ ಎರಡನೆಯ ಧ್ವನಿಮುದ್ರಿಕೆಗೆ ಯಾವ ದೊಡ್ಡ ಕಂಪೆನಿಯ ಆಸರೆಯೂ ಇರಲಿಲ್ಲ. ಅದು ಸ್ವತಂತ್ರ ಪ್ರಕಟನೆ.

ಇದು ಪಂಕ್ ಅಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಅದು ಒಪ್ಪತಕ್ಕ ಮಾತೇ. ಫ್ಲಾರಿಡಾದ ಹಾಡಿನಲ್ಲಿರುವ ಕೋಪವು ಮೈಸೂರಿನ ಹಾಡಿನಲ್ಲಿಲ್ಲ, ಅಲ್ಲಿರುವುದು ಉಲ್ಲಾಸ. ಸ್ವರದಲ್ಲಿ ಇದನ್ನು ಜನಪದ ರಾಕ್ ಎನ್ನುವುದೇ ಸರಿ. ಆದರೆ ಕಟ್ಟಿದ ಬಗೆಯಲ್ಲಿ ಎರಡಕ್ಕೂ ಹೋಲಿಕೆಯಿದೆ: ಗುರುವಿಲ್ಲದೆ ಕಲಿತ ಗಿಟಾರು, ಒಬ್ಬನಿಂದ ಮೊದಲಾದ ಹೆಸರು, ಮುಚ್ಚಿದ ಬಾಗಿಲುಗಳು, ಸ್ವಂತ ಪ್ರಕಟನೆ. ಅದಕ್ಕಿಂತ ಮಿಗಿಲಾಗಿ ಕರಾವಳಿಯವರಿಗೆ ಇದರಲ್ಲಿ ಹಳೆಯ ಪರಿಚಯವೊಂದು ತೋರುವುದು. ಸದಸ್ಯರು ಬದಲಾದರೂ ಹೆಸರು ನಿಲ್ಲುವ ವೃಂದವು ಪಟ್ಟಣದವರಿಗೆ ನೂತನವಾಗಿ ಕಂಡಿರಬಹುದು. ಯಕ್ಷಗಾನದ ಮೇಳವು ಎಂದಿನಿಂದಲೂ ಹಾಗೆಯೇ ನಡೆದಿದೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಕಲಾವಿದನು ಮುಂದಿನ ತಿರುಗಾಟಕ್ಕೆ ಬೇರೆ ಮೇಳವನ್ನು ಸೇರಬಹುದು. ಮೇಳದ ಹೆಸರೂ ಪ್ರಸಂಗವೂ ಚೌಕಿಯ ದೇವರೂ ಅಲ್ಲಿಯೇ ಉಳಿಯುವರು. ಭಾಗವತರನ್ನು ಮೊದಲನೆಯ ವೇಷವೆಂದು ಕರೆಯುವ ರೂಢಿಯಲ್ಲಿಯೂ ಇದೇ ತತ್ತ್ವವಿದೆ. ಎಷ್ಟು ಮಂದಿ ಕೂಡಿದರೂ ಹಾಡುವವನೊಬ್ಬನಿಂದಲೇ ಆಟವು ಹೊರಡತಕ್ಕದ್ದು.

ಇನ್ನೊಂದು ಆಕ್ಷೇಪವು ಹೆಚ್ಚು ಗಂಭೀರವಾದುದು. ಡ್ರಮ್ಮು, ವಿದ್ಯುತ್ ಗಿಟಾರು, ಧ್ವನಿವರ್ಧಕಗಳ ಗದ್ದಲದಲ್ಲಿ ಶರೀಫರ ತತ್ತ್ವವು ಯಾರಿಗೆ ಕೇಳಿಸೀತು? ಕನ್ನಡವನ್ನರಿಯದ ಸಹಸ್ರಾರು ಜನ ಕುಣಿದುದರಿಂದ ಪದದ ಅರ್ಥವು ಬೆಳಗಿತೇ? ಈ ಭಯವು ನಿರಾಧಾರವಾದುದಲ್ಲ. ಏಕಲನು ಹಾಡುವಾಗ ವಾದ್ಯವು ಮಾತಿನ ಹಿಂದೆ ನಡೆಯುವುದು. ವೃಂದದಲ್ಲಿ ಮಾತು ವಾದ್ಯದ ಹಿಂದೆ ಓಡಬೇಕಾದೀತು. ಆದರೆ ಇದಕ್ಕೆ ಮದ್ದು ಬಡಗುತಿಟ್ಟಿನ ಹಿಮ್ಮೇಳದಲ್ಲಿಯೇ ಇದೆ. ವೀರರಸದಲ್ಲಿ ಊರಾಚೆಗೂ ಕೇಳುವ ಚಂಡೆಯು ಶೋಕದ ಪದ್ಯದಲ್ಲಿ ಸುಮ್ಮನಾಗುವುದು; ಮದ್ದಲೆಯೊಂದೇ ಮೆಲ್ಲನೆ ಪದ್ಯದ ಜೊತೆ ನಡೆಯುವುದು. ಚಂಡೆಯವನು ಬಾರಿಸಲರಿಯದೆ ಸುಮ್ಮನಿರುವನೆಂದು ಯಾರೂ ತಿಳಿಯರು. ಯಾವ ಮಾತಿಗೆ ಕೈಯನ್ನು ತಡೆಯಬೇಕೆಂಬ ಅರಿವು ಉಳ್ಳ ವೃಂದದಲ್ಲಿ ಏಕಲನ ಮಾತು ನಷ್ಟವಾಗದು. ಅದಿಲ್ಲದ ವೃಂದವು 32 ಮಂದಿಯದಾದರೂ ಉತ್ತಮವೆನಿಸದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಧಣಿಯಿಲ್ಲದ ವೃಂದವು ಎಲ್ಲಿಯೂ ಇಲ್ಲವೆಂದೇ ಈ ಮೂರು ಚರಿತ್ರೆಗಳು ತಿಳಿಸುತ್ತವೆ. ಮ್ಯಾಂಚೆಸ್ಟರಿನಲ್ಲಿ ಸಾಲ ಕೊಟ್ಟ ಬಂಧುಮಿತ್ರರು, ನ್ಯೂಯಾರ್ಕಿನಲ್ಲಿ ಬಾಡಿಗೆಗೆ ಕಾಸು ಹಾಕಿದ ಅತಿಥಿಗಳು, ಫ್ಲಾರಿಡಾದಲ್ಲಿ ಚಾಪೆ ಹಾಸಿದವರು, ಕುಂದಾಪುರ ಸೀಮೆಯಲ್ಲಿ ಅಕ್ಕಿ ಅಳೆದವರು, ಎಲ್ಲರೂ ಧಣಿಗಳೇ. ವೃಂದವು ಸ್ವತಂತ್ರವಾಗುವುದು ಧಣಿಯನ್ನು ತೊರೆದುದರಿಂದಲ್ಲ, ಧಣಿಗಳು ಹಲವರಾಗಿ ಒಬ್ಬೊಬ್ಬರೂ ಚಿಕ್ಕವರಾದುದರಿಂದ. ಆದುದರಿಂದ ‘ನಾವೇ ಮಾಡಿಕೊಂಡೆವು’ ಎನ್ನುವ ಹಾಡುಗಾರನ ಮಾತಿನಲ್ಲಿ ‘ನಾವು’ ಎಂಬುದು ಹಾಡುವವರನ್ನು ಮಾತ್ರವಲ್ಲದೆ ಬಾಗಿಲನ್ನು ತೆರೆದವರನ್ನೂ ಒಳಗೊಂಡಿದೆ.

ಈ ಜಿಲ್ಲೆಯ ವಿದ್ಯಾವಂತ ಗೃಹಸ್ಥರು ಆಲೋಚಿಸಬೇಕಾದುದು ಇಲ್ಲಿಯೇ. ಹೂವಿನಕೋಲು ಮನೆಮನೆಗೆ ಬರುವುದು ಕಳೆದ ಶತಮಾನದಲ್ಲಿಯೇ ವಿರಳವಾಯಿತು. ಹಾಡುವವರು ಕಡಿಮೆಯಾದರೆಂಬುದು ಅದಕ್ಕೆ ಒಂದು ಕಾರಣವಾದರೆ, ಕುಳಿತು ಕೇಳುವ ಜಗಲಿಗಳು ಕಡಿಮೆಯಾದುವೆಂಬುದು ಮತ್ತೊಂದು. ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ 1975ರಲ್ಲಿ ಸಾಲಿಗ್ರಾಮ ಮಕ್ಕಳ ಮೇಳವನ್ನು ಕಟ್ಟಿ, ಬಾಲಕರು ಎಂಥ ಆಟವನ್ನು ಆಡಬಲ್ಲರೆಂಬುದನ್ನು ತೋರಿಸಿಕೊಟ್ಟರು. ಆಸಕ್ತರಾದ ಕಲಾಸಂಘಗಳು ಹೂವಿನಕೋಲನ್ನು ಪುನಃ ಮನೆಗಳಿಗೆ ತರುವ ಪ್ರಯತ್ನವನ್ನೂ ಮಾಡಿವೆ. ನೆರೆಮನೆಯ ಹುಡುಗನು ಗಿಟಾರನ್ನು ಹಿಡಿದು ಕುಂದಗನ್ನಡದ ಪದವೊಂದನ್ನು ಅಪಸ್ವರವಾಗಿ ಹಾಡತೊಡಗಿದರೆ, ಓದಿನ ಹೊತ್ತು ಕೆಟ್ಟಿತೆಂದು ಗದರಿಸುವುದು ಸುಲಭ. ಅವನ ಬಳಿಗೆ ಬಕೇಟು ಬಾರಿಸುವ ಎರಡನೆಯವನು ಬಂದು ಕುಳಿತಾಗ ಮನೆಯವರು ಮಾಡಬೇಕಾದ ಉಪಕಾರವು ದೊಡ್ಡದೇನಲ್ಲ: ಸಂಜೆ ಒಂದು ಗಳಿಗೆ ಜಗಲಿಯ ದೀಪವನ್ನು ಹಚ್ಚಿಟ್ಟು, ನಾಲ್ಕು ಮಂದಿ ನೆರೆಯವರನ್ನು ಕರೆದು ಕೂರಿಸಿ, ಹಾಡು ಮುಗಿದ ಮೇಲೆ ಅವರಿಗೆ ಒಂದು ಲೋಟ ಪಾನಕವನ್ನೂ ಕೈಲಾದಷ್ಟು ಕಾಸನ್ನೂ ಕೊಟ್ಟು, ನಾಳೆ ಮುಂದಿನ ಮನೆಗೆ ಹೋಗಿರೆಂದು ಹೇಳಿ ಕಳುಹಿಸುವುದು.